ಸುಸ್ತಿಗೆ ಮಾತ್ರೆ: ಮೊದಲು ಪರೀಕ್ಷೆ, ಆಮೇಲೆ ಡಬ್ಬಿ

ನೀವು ಸಿಂಗಪುರದಲ್ಲಿರಿ, ಷಿಕಾಗೋದಲ್ಲಿರಿ, ಶಿವಮೊಗ್ಗದಲ್ಲೇ ಇರಿ, ಒಂದು ಮಾತು ಎಲ್ಲ ಕಡೆ ಕೇಳಿಬರುತ್ತೆ: "ಯಾಕೋ ತುಂಬಾ ಸುಸ್ತು ಕಣ್ರೀ." ಫಾರ್ಮಸಿಗೆ ಹೋದರೆ ಇದಕ್ಕೆ ಉತ್ತರ ಅಂತ ಗೋಡೆ ತುಂಬಾ ಡಬ್ಬಿಗಳು. ಒಂದೊಂದರ ಮೇಲೂ 'ಎನರ್ಜಿ' ಅಂತ ದಪ್ಪಕ್ಷರ. ಆ ಡಬ್ಬಿಯೊಳಗೆ ನಿಜಕ್ಕೂ ಶಕ್ತಿ ಇದೆಯಾ? ಬನ್ನಿ, ನೋಡೋಣ.

ನಮ್ಮ ದೇಹಕ್ಕೆ ಶಕ್ತಿ ಬರೋದು ಊಟದಲ್ಲಿರುವ ಪಿಷ್ಟ, ಕೊಬ್ಬು ಮತ್ತು ಪ್ರೋಟೀನ್‌ನಿಂದ. ವಿಟಮಿನ್‌ಗಳಲ್ಲಿ ಕ್ಯಾಲೊರಿ ಇರೋದಿಲ್ಲ. ಹಳೇ ಸೌದೆ ಒಲೆ ನೆನಪು ಮಾಡಿಕೊಳ್ಳಿ. ಅನ್ನ, ಮುದ್ದೆ, ಚಪಾತಿ ಸೌದೆ ಇದ್ದ ಹಾಗೆ. ವಿಟಮಿನ್ ಊದುಗೊಳವೆ ಇದ್ದ ಹಾಗೆ. ಊದುಗೊಳವೆ ಇಲ್ಲದಿದ್ದರೆ ಸೌದೆ ಇದ್ದರೂ ಉರಿ ಹತ್ತೋದಿಲ್ಲ. ಆದರೆ ಮನೆಯಲ್ಲಿ ಒಂದು ಇರುವಾಗ ಇನ್ನೂ ಹತ್ತು ತಂದರೆ ಉರಿ ಜಾಸ್ತಿ ಆಗುತ್ತಾ? ಇಲ್ಲ. ಪೂರಕ ಮಾತ್ರೆಗಳ ಕಥೆಯೂ ಇಷ್ಟೇ. ಕೊರತೆ ಇದ್ದವರಿಗೆ ಅವು ದೊಡ್ಡ ಸಹಾಯ, ಇಲ್ಲದವರಿಗೆ ಬಹುಮಟ್ಟಿಗೆ ಖರ್ಚು. ಎನರ್ಜಿ ಡ್ರಿಂಕ್ ಕುಡಿದಾಗ ಸಿಗುವ ಚುರುಕು ಕೂಡ ಮುಖ್ಯವಾಗಿ ಕೆಫೀನ್‌ನದ್ದು.

ಹಾಗಾದರೆ ಯಾವ ಕೊರತೆ? ಸಸ್ಯಾಹಾರಿಗಳು ಮೊದಲು ನೆನಪಿಡಬೇಕಾದ್ದು ಬಿ12. ಇದನ್ನು ಗಿಡಗಳೂ ತಯಾರಿಸಲ್ಲ, ಪ್ರಾಣಿಗಳೂ ತಯಾರಿಸಲ್ಲ. ಕೆಲವು ಸೂಕ್ಷ್ಮಜೀವಿಗಳು ಮಾತ್ರ ತಯಾರಿಸುತ್ತವೆ. ನಮಗೆ ಅದು ಸಿಗೋದು ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಿನ ಮೂಲಕ. ಅಮೆರಿಕದ ಶಿಫಾರಸಿನ ಪ್ರಕಾರ ವಯಸ್ಕರಿಗೆ ದಿನಕ್ಕೆ 2.4 ಮೈಕ್ರೋಗ್ರಾಂ ಬೇಕು. ಒಂದು ದೊಡ್ಡ ಲೋಟ ಹಸುವಿನ ಹಾಲಿನಲ್ಲಿ ಅದರ ಸುಮಾರು ಅರ್ಧ ಸಿಗುತ್ತೆ. ಹೊರದೇಶಕ್ಕೆ ಬಂದ ಮೇಲೆ ಬಾದಾಮಿ ಹಾಲು, ಓಟ್ಸ್ ಹಾಲಿಗೆ ಬದಲಾದವರು ಡಬ್ಬದ ಮೇಲಿನ ಪಟ್ಟಿ ಓದಿ. ಕಂಪನಿ ಬಿ12 ಬೆರೆಸಿದ್ದರೆ ಮಾತ್ರ ಅದರಲ್ಲಿ ಇರುತ್ತೆ.

ಇಲ್ಲೊಂದು ಮೋಸ ಇದೆ. ನಮ್ಮ ಯಕೃತ್ತು ಬಿ12 ಅನ್ನು ವರ್ಷಗಟ್ಟಲೆ ಕೂಡಿಟ್ಟಿರುತ್ತೆ. ಹಾಗಾಗಿ ಊಟ ಬದಲಾದ ಕೆಲವು ವರ್ಷಗಳ ನಂತರ ಸುಸ್ತು, ಕೈಕಾಲು ಜೋಮು, ಮರೆವು ಶುರುವಾಗಬಹುದು. ಆಗ ನಾವು ಆಫೀಸಿನ ಕೆಲಸವನ್ನೋ ಚಳಿಯನ್ನೋ ದೂರುತ್ತೇವೆ. ಹಾಲು ಮೊಸರು ಚೆನ್ನಾಗಿ ತಿಂದರೂ ಕೆಲವರಲ್ಲಿ ಬಿ12 ರಕ್ತ ಸೇರೋದಿಲ್ಲ. ವಯಸ್ಸಾದವರು, ಸಕ್ಕರೆ ಕಾಯಿಲೆಗೆ ಬಹುಕಾಲದಿಂದ ಮೆಟ್‌ಫಾರ್ಮಿನ್ ತಗೊಳ್ಳುವವರು, ಗ್ಯಾಸ್ಟ್ರಿಕ್‌ಗೆ ದಿನಾ ಒಮೆಪ್ರಜೋಲ್ ನುಂಗುವವರು ಈ ಗುಂಪಿಗೆ ಸೇರುತ್ತಾರೆ. ಅಪ್ಪ ಅಮ್ಮನ ಔಷಧಿ ಚೀಟಿಯನ್ನು ಒಮ್ಮೆ ನೋಡಿ.

ಸುಸ್ತು ಒಂದೇ ಥರ ಕಂಡರೂ ಕಾರಣ ಬೇರೆ ಇರುತ್ತೆ ಅನ್ನೋದಕ್ಕೆ ಒಂದು ಹಳೆಯ ಪ್ರಸಂಗವಿದೆ. 1926ರಲ್ಲಿ ಅಮೆರಿಕದ ಮೈನಾಟ್ ಮತ್ತು ಮರ್ಫಿ, ಪರ್ನಿಶಿಯಸ್ ಅನೀಮಿಯಾ ಎಂಬ ಮಾರಕ ರಕ್ತಹೀನತೆಗೆ ಯಕೃತ್ತಿನ ಆಹಾರವೇ ಮದ್ದು ಎಂದು ತೋರಿಸಿದರು. 1928ರಲ್ಲಿ ಇಂಗ್ಲೆಂಡಿನ ಲೂಸಿ ವಿಲ್ಸ್ ಬೊಂಬಾಯಿಗೆ ಬಂದು ಗರ್ಭಿಣಿಯರ ರಕ್ತಹೀನತೆಯ ಬಗ್ಗೆ ಸಂಶೋಧನೆ ಶುರುಮಾಡಿದರು. ಅದೂ ನೋಡೋಕೆ ಅದೇ ಕಾಯಿಲೆಯ ಥರ ಇತ್ತು. ಆದರೆ ಆ ಕಾಯಿಲೆಗೆ ಕೆಲಸ ಮಾಡುತ್ತಿದ್ದ ಶುದ್ಧೀಕರಿಸಿದ ಯಕೃತ್ತಿನ ಸಾರ ಇವರಿಗೆ ನಾಟಲಿಲ್ಲ. ಬ್ರೆಡ್ಡಿಗೆ ಸವರುವ ಮಾರ್ಮೈಟ್, ಅಂದರೆ ಯೀಸ್ಟ್ ಸಾರ, ನಾಟಿತು! ಅದರೊಳಗಿದ್ದದ್ದು ಫೋಲೇಟ್ ಅಂತ ಆಮೇಲೆ ತಿಳಿಯಿತು. ಯಕೃತ್ತಿನಲ್ಲಿದ್ದ ಇನ್ನೊಂದು ವಸ್ತು 1948ರಲ್ಲಿ ಪ್ರತ್ಯೇಕವಾಗಿ ಸಿಕ್ಕಿತು. ಅದೇ ಬಿ12.

ಇದು ಬರೀ ಇತಿಹಾಸ ಅಲ್ಲ. ಬಿ12 ಕೊರತೆ ಇರುವವರು ಫೋಲಿಕ್ ಆಮ್ಲ ಮಾತ್ರ ತಗೊಂಡರೆ ರಕ್ತ ಸುಧಾರಿಸಿದಂತೆ ಕಾಣಬಹುದು. ಒಳಗೆ ನರಗಳ ಹಾನಿ ಮಾತ್ರ ಮುಂದುವರಿಯುತ್ತೆ. ತಡವಾದರೆ ಆ ಹಾನಿ ಪೂರ್ತಿ ವಾಸಿಯಾಗದೇ ಇರಬಹುದು.

ಎರಡನೆಯದು ಕಬ್ಬಿಣ. ಮುಟ್ಟಾಗುವ ಮಹಿಳೆಯರಿಗೆ ದಿನಕ್ಕೆ 18 ಮಿಲಿಗ್ರಾಂ, ಗಂಡಸರಿಗೆ 8 ಮಿಲಿಗ್ರಾಂ ಅಂತ ಅಮೆರಿಕದ ಶಿಫಾರಸು. ಸೊಪ್ಪು, ಕಾಳುಗಳಲ್ಲಿ ಕಬ್ಬಿಣ ಇದೆ, ಆದರೆ ದೇಹ ಅದನ್ನು ಸುಲಭವಾಗಿ ಹೀರಿಕೊಳ್ಳಲ್ಲ. ಊಟದ ಜೊತೆಗಿನ ಕಾಫಿ, ಟೀ ಇನ್ನಷ್ಟು ಅಡ್ಡಿ. ಆದ್ದರಿಂದ ಫಿಲ್ಟರ್ ಕಾಫಿಯನ್ನು ಒಂದು ಗಂಟೆ ಮುಂದೂಡಿ, ಕೋಸಂಬರಿಗೆ ನಿಂಬೆಹಣ್ಣು ಹಿಂಡಿ. ಅದರಲ್ಲಿರುವ ವಿಟಮಿನ್ ಸಿ ಕಬ್ಬಿಣ ಹೀರಲು ನೆರವಾಗುತ್ತೆ. ಗಂಡಸರಲ್ಲಿ, ಮುಟ್ಟು ನಿಂತವರಲ್ಲಿ ಕಬ್ಬಿಣ ಕಡಿಮೆ ಬಂದರೆ ಬರೀ ಮಾತ್ರೆ ಸಾಲದು. ಕರುಳಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯಾ ಅಂತ ವೈದ್ಯರು ಹುಡುಕಬೇಕಾಗುತ್ತೆ. ಕಬ್ಬಿಣದ ಮಾತ್ರೆಗಳನ್ನು ಮಕ್ಕಳ ಕೈಗೆ ಎಟುಕದಂತೆ ಇಡಿ. ಜಾಸ್ತಿ ನುಂಗಿದರೆ ಪ್ರಾಣಾಪಾಯ.

ಪರೀಕ್ಷೆ ಯಾಕೆ ಮೊದಲು? ಮಾತ್ರೆ ಶುರುಮಾಡಿದ ಮೇಲೆ ರಕ್ತದಲ್ಲಿ ಬಿ12 ಏರಿಬಿಡುತ್ತೆ, ಕೊರತೆ ಇತ್ತೋ ಇಲ್ಲವೋ ತಿಳಿಯಲ್ಲ. ಕೂದಲು, ಉಗುರಿಗೆ ಅಂತ ತಗೊಳ್ಳುವ ಹೆಚ್ಚು ಪ್ರಮಾಣದ ಬಯೋಟಿನ್ ಕೆಲವು ಥೈರಾಯ್ಡ್ ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಹುದು. ಥೈರಾಯ್ಡ್ ತೊಂದರೆಯೂ ಸುಸ್ತಿಗೆ ಒಂದು ಕಾರಣ! ಏನೇನು ನುಂಗುತ್ತಿದ್ದೀರಿ ಅನ್ನೋದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ.

ಕೆಲವು ವಾರಗಳಾದರೂ ಸುಸ್ತು ಹೋಗದಿದ್ದರೆ ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಥೈರಾಯ್ಡ್, ರಕ್ತದ ಸಕ್ಕರೆ ಇವುಗಳ ಬಗ್ಗೆ ವೈದ್ಯರನ್ನು ಕೇಳಿ. ನಿದ್ದೆ ಎಷ್ಟು ಆಗುತ್ತಿದೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಕೊರತೆ ಗೊತ್ತಾದರೆ ಬೇಕಾದ ಮಾತ್ರೆ ಒಂದೋ ಎರಡೋ ಇರಬಹುದು. ಗೋಡೆ ತುಂಬಾ ಬೇಕಾಗಲ್ಲ.

ಸುಸ್ತು ಅನ್ನುತ್ತಿರುವ ಗೆಳೆಯರಿಗೆ ಈ ಸಂಚಿಕೆ ಕಳಿಸಿ.