ಎಷ್ಟರಲ್ಲಿ ಎಷ್ಟು?

ಬಾಯಿ ಕ್ಯಾನ್ಸರಿನ ಆಪರೇಷನ್ ಮುಗಿಸಿ ತಾಳಿಕೋಟೆಗೆ ಮರಳಿದವರನ್ನು ಬಂಧುಗಳು ಮೊದಲು ಕೇಳುವುದು ಗಲ್ಲದ ಹುಣ್ಣಿನ ಬಗ್ಗೆ: "ಪೂರಾ ತೆಗದಾರೇನು?" ಮುಂದಿನ ಆಯುಷ್ಯದ ಸುಳಿವು ಹೆಚ್ಚಾಗಿ ಇರುವುದು ಮಾತ್ರ ಕುತ್ತಿಗೆಯಲ್ಲಿ. ಹುಣ್ಣಿನ ಜೊತೆಗೆ ತೆಗೆದ ದುಗ್ಧರಸ ಗ್ರಂಥಿಗಳು ಎಷ್ಟು, ಅವುಗಳಲ್ಲಿ ಎಷ್ಟಕ್ಕೆ ಕ್ಯಾನ್ಸರ್ ತಗುಲಿತ್ತು ಎಂಬ ಸಾಲು ಬಯಾಪ್ಸಿ ವರದಿಯಲ್ಲಿರುತ್ತದೆ. ಮನೆಯವರು ಮೊದಲು ಕೇಳಿ ತಿಳಿಯಬೇಕಾದದ್ದು ಅದನ್ನು.

ಈ ರೋಗ ತರುವ ಗುಟ್ಕಾ ರಾಜ್ಯದಲ್ಲಿ ನಿಷೇಧವಾದದ್ದು 2013ರ ಮೇ 31ರಂದು. ಪಾನ್ ಮಸಾಲೆ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಸಿಗುವುದರಿಂದ ಅಗಿಯುವ ಚಟ ನಿಂತಿಲ್ಲ. ತಂಬಾಕು ಇಟ್ಟುಕೊಳ್ಳುವ ಗಲ್ಲದ ಒಳಗೋಡೆ, ವಸಡುಗಳಲ್ಲೇ ನಮ್ಮಲ್ಲಿ ಈ ರೋಗ ಹೆಚ್ಚು. ಅಲ್ಲಿಂದ ಒಸರುವ ದುಗ್ಧರಸ ಸಣ್ಣ ನಾಳಗಳಲ್ಲಿ ಇಳಿದು, ದವಡೆಯ ಕೆಳಗಿನ ಮತ್ತು ಕುತ್ತಿಗೆಯ ಗ್ರಂಥಿಗಳಲ್ಲಿ ಸೋಸಿಕೊಂಡು ರಕ್ತ ಸೇರುತ್ತದೆ. ಹುಣ್ಣಿನಿಂದ ಕಳಚಿಕೊಂಡ ಕೋಶವೂ ಇದೇ ದಾರಿ ಹಿಡಿಯುತ್ತದೆ. ಒಂದು ಗ್ರಂಥಿಗೆ ತಗುಲಿದರೂ ಬದುಕುಳಿಯುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ವೈದ್ಯರ ಹಳೆಯ ಅನುಭವ. ಹುಟ್ಟಿದ ಜಾಗ ಬಿಟ್ಟು ಬೇರೆಡೆ ಬೇರೂರುವ ಶಕ್ತಿ ಆ ಕೋಶಗಳಿಗೆ ಬಂದಿದೆ ಎಂಬುದಕ್ಕೆ ಅದು ಸಾಕ್ಷಿ.

ಕುತ್ತಿಗೆಯಲ್ಲಿ ಕೈಗೆ ಸಿಗುವ ಗಂಟೆಲ್ಲ ಕ್ಯಾನ್ಸರ್ ಅಲ್ಲ, ಹಲ್ಲಿನ ಸೋಂಕಿಗೂ ಗ್ರಂಥಿ ಊದುತ್ತದೆ. ಆದರೆ ಕೈಗೆ ಏನೂ ಸಿಗಲಿಲ್ಲವೆಂದು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು ಕುತ್ತಿಗೆಯಲ್ಲಿ ಗಂಟು ಕಾಣದ, ಆರಂಭಿಕ ಹಂತದ 500 ರೋಗಿಗಳ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಹುಣ್ಣಿನ ಜೊತೆಗೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಸಿಕೊಂಡವರಲ್ಲಿ 3 ವರ್ಷದ ಕೊನೆಗೆ ಬದುಕಿದ್ದವರು ಶೇ 80. ಗಂಟು ಕಂಡ ಮೇಲೆ ತೆಗೆಯೋಣ ಎಂದು ಕಾದವರಲ್ಲಿ ಶೇ 67.5. "ಕತ್ತಿ ಹಚ್ಚಿದ್ರ ಬ್ಯಾನಿ ಹಬ್ಬತೈತಿ" ಎಂಬ ಭಯಕ್ಕೆ ಇದಕ್ಕಿಂತ ಗಟ್ಟಿ ಉತ್ತರ ನನಗೆ ತಿಳಿದಿಲ್ಲ.

ಎಷ್ಟು ಗ್ರಂಥಿಗಳನ್ನು ಹುಡುಕಿ ನೋಡಿದ್ದಾರೆ ಎಂಬುದೂ ಅಷ್ಟೇ ಮುಖ್ಯ. ಎಂಟರಲ್ಲಿ ಸೊನ್ನೆ, ಮೂವತ್ತರಲ್ಲಿ ಸೊನ್ನೆ ಎರಡೂ ಒಂದೇ ಅಲ್ಲ. ಮೊದಲನೆಯದರಲ್ಲಿ ಕಣ್ಣಿಗೆ ಬೀಳದೆ ಉಳಿದದ್ದು ಇರಬಹುದು. ಕನಿಷ್ಠ 18 ಗ್ರಂಥಿಗಳಾದರೂ ಸಿಕ್ಕಿರಬೇಕು ಎಂದು ಅನೇಕ ತಜ್ಞರು ಬಯಸುತ್ತಾರೆ. ಕೊಬ್ಬಿನ ನಡುವೆ ಬೇಳೆಯಷ್ಟು ಸಣ್ಣ ಗ್ರಂಥಿಯನ್ನು ಬೆರಳಿನಿಂದ ತಡಕಿ ಹೆಕ್ಕುವ ಪ್ರಯೋಗಾಲಯದವರ ತಾಳ್ಮೆಗೆ ಸಲ್ಲಬೇಕಾದ ಮನ್ನಣೆ ಸಿಕ್ಕಿಲ್ಲ. ಗ್ರಂಥಿಯ ಕವಚ ಒಡೆದು ಕ್ಯಾನ್ಸರ್ ಹೊರಚಾಚಿದ್ದರೆ ಅಪಾಯ ಇನ್ನೂ ಹೆಚ್ಚು. ಅಂಥವರಿಗೆ ವಿಕಿರಣದ ಜೊತೆ ಕಿಮೊ ಸೇರಿಸುವುದು ಲಾಭಕರವೆಂದು 2004ರಲ್ಲಿ ಯುರೋಪು ಮತ್ತು ಅಮೆರಿಕದ ಎರಡು ಪ್ರಯೋಗಗಳು ತೋರಿಸಿದವು.

ನಮ್ಮ ಭಾಗದವರು ಎಡವುವುದು ಇಲ್ಲಿಯೇ. ವಿಕಿರಣ ಬೇಕಾದವರಿಗೆ ಅದು ಆಪರೇಷನ್ನಾಗಿ ಸುಮಾರು 6 ವಾರದೊಳಗೆ ಶುರುವಾಗಬೇಕು, ವಾರಕ್ಕೆ 5 ದಿನದಂತೆ ಸುಮಾರು 30 ಸಲ ನಡೆಯಬೇಕು. ಆ ಯಂತ್ರ ತಾಳಿಕೋಟೆಯಲ್ಲಿಲ್ಲ. ಹುಬ್ಬಳ್ಳಿ, ಕಲಬುರಗಿ, ಇಲ್ಲವೇ ಗಡಿಯಾಚೆಯ ಮಿರಜ, ಬಾರ್ಶಿಯಂಥ ಊರಿನಲ್ಲಿ ಒಂದೂವರೆ ತಿಂಗಳು ಕೋಣೆ ಹಿಡಿದು ಇರಬೇಕು. ಗಾಯ ಮಾಗಿದ್ದು ಕಂಡು "ತೊಗರಿ ರಾಶಿ ಮುಗಿಸಿ ಬರ್ತೀವ್ರಿ" ಎನ್ನುವ ರೈತನ ಕಷ್ಟ ನಿಜವಾದದ್ದೇ. ವರದಿಯಲ್ಲಿ ಗ್ರಂಥಿಗೆ ತಗುಲಿದೆ ಎಂದಿದ್ದರೆ, ಡಾಕ್ಟರು ವಿಕಿರಣ ಬೇಕು ಎಂದಿದ್ದರೆ, ಆ ರಾಶಿಯನ್ನು ಅಣ್ಣತಮ್ಮಂದಿರು ಮಾಡಲಿ. ರೋಗಿ ವರದಿಯ ಪ್ರತಿಯನ್ನು ಹಿಡಿದು ಹೇಳಿದ ದಿನಕ್ಕೇ ಹೊರಡಲಿ.