ರೆಡಿಟ್‌ನ ತೃತೀಯ ಪಕ್ಷದ ಸಾಧನಗಳು

ರೆಡಿಟ್‌ನ ತೃತೀಯ ಪಕ್ಷದ ಸಾಧನಗಳು ಎಂದರೆ ಅಮೆರಿಕದ ಸಾಮುದಾಯಿಕ ಜಾಲತಾಣವಾದ ರೆಡಿಟ್ ಅನ್ನು ತಮಗೆ ಬೇಕಾದ ರೂಪದಲ್ಲಿ ಓದಲು, ಬಳಸಲು ಮತ್ತು ನಿರ್ವಹಿಸಲು ಆ ಸಂಸ್ಥೆಗೆ ಸೇರದ ತಂತ್ರಾಂಶಕಾರರು ರಚಿಸಿದ ಬ್ರೌಸರ್ ಎಕ್ಸ್‌ಟೆನ್ಷನ್‌ಗಳು, ಮೊಬೈಲ್ ಆ್ಯಪ್‌ಗಳು ಹಾಗೂ ಬಾಟ್‌ಗಳು. ರೆಡಿಟ್ ಎನ್‌ಹಾನ್ಸ್‌ಮೆಂಟ್ ಸೂಟ್, ಮಾಡರೇಟರ್ ಟೂಲ್‌ಬಾಕ್ಸ್, ಅಪೋಲೊ, ರೆಡಿಟ್ ಈಸ್ ಫನ್, ಸಿಂಕ್ ಮೊದಲಾದವು ಇವುಗಳಲ್ಲಿ ಪ್ರಸಿದ್ಧವಾದವು. 2023ರ ಜುಲೈನಲ್ಲಿ ಜಾರಿಗೆ ಬಂದ ಶುಲ್ಕ ನೀತಿಯಿಂದ ಪ್ರಮುಖ ಆ್ಯಪ್‌ಗಳಲ್ಲಿ ಹೆಚ್ಚಿನವು ಮುಚ್ಚಿಹೋದವು. ಬ್ರೌಸರ್ ಎಕ್ಸ್‌ಟೆನ್ಷನ್‌ಗಳು ಉಳಿದುಕೊಂಡವು. ಈ ವ್ಯತ್ಯಾಸಕ್ಕೆ ಕಾರಣ ಅವುಗಳ ಗುಣಮಟ್ಟವಲ್ಲ, ಅವು ಕೆಲಸ ಮಾಡುವ ಬಗೆ.

ಹಿನ್ನೆಲೆ

ರೆಡಿಟ್ ಅನ್ನು ಸ್ಟೀವ್ ಹಫ್‌ಮನ್ ಮತ್ತು ಅಲೆಕ್ಸಿಸ್ ಒಹಾನಿಯನ್ 2005ರಲ್ಲಿ ಆರಂಭಿಸಿದರು. ಸಬ್‌ರೆಡಿಟ್ ಎಂದು ಕರೆಯಲಾಗುವ ವಿಷಯವಾರು ಸಮುದಾಯಗಳೇ ಈ ತಾಣದ ಅಡಿಪಾಯ. ಪ್ರತಿಯೊಂದು ಸಬ್‌ರೆಡಿಟ್ ಅನ್ನೂ ಮಾಡರೇಟರ್‌ಗಳೆಂಬ ಸ್ವಯಂಸೇವಕರು ನೋಡಿಕೊಳ್ಳುತ್ತಾರೆ, ಅವರಿಗೆ ವೇತನವಿಲ್ಲ. 2008ರಲ್ಲಿ ಸಂಸ್ಥೆಯು ತನ್ನ ಆಕರ ಸಂಕೇತವನ್ನೇ ಸಾರ್ವಜನಿಕರಿಗೆ ತೆರೆದಿಟ್ಟಿತು. 2017ರಲ್ಲಿ ಈ ಪದ್ಧತಿಯನ್ನು ಕೈಬಿಡಲಾಯಿತು.

ತಾಣದ ಆರಂಭದ ವಿನ್ಯಾಸ ತೀರ ಸರಳವಾಗಿತ್ತು. ಚಿತ್ರವೊಂದನ್ನು ನೋಡಬೇಕಾದರೆ ಕೊಂಡಿಯನ್ನು ಒತ್ತಿ ಬೇರೊಂದು ಪುಟಕ್ಕೆ ಹೋಗಬೇಕಿತ್ತು. ಆಂಡ್ರಾಯ್ಡ್ ಫೋನುಗಳಿಗೆ ಪೂರ್ಣ ಪ್ರಮಾಣದ ಅಧಿಕೃತ ಆ್ಯಪ್ ದೊರೆತದ್ದು 2016ರ ಏಪ್ರಿಲ್‌ನಲ್ಲಿ, ಅಂದರೆ ತಾಣ ಹುಟ್ಟಿ ಹತ್ತು ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಮೊಬೈಲ್ ಓದುಗರನ್ನು ತಾಣಕ್ಕೆ ಕರೆತಂದು ಉಳಿಸಿಕೊಂಡವರಲ್ಲಿ ಹೊರಗಿನ ತಂತ್ರಾಂಶಕಾರರ ಪಾಲು ದೊಡ್ಡದು. ಐಫೋನಿಗಾಗಿ ಹೊರಗಿನವರು ರಚಿಸಿದ ಏಲಿಯನ್ ಬ್ಲೂ ಎಂಬ ಆ್ಯಪನ್ನು ರೆಡಿಟ್ 2014ರಲ್ಲಿ ಖರೀದಿಸಿತು, ಎರಡು ವರ್ಷಗಳ ನಂತರ ತನ್ನದೇ ಹೊಸ ಆ್ಯಪ್ ಬಂದಾಗ ಅದನ್ನು ಹಿಂತೆಗೆದುಕೊಂಡಿತು.

ಕಾರ್ಯವಿಧಾನ

ಈ ಸಾಧನಗಳು ಎರಡು ಬಗೆಯಲ್ಲಿ ಕೆಲಸ ಮಾಡುತ್ತವೆ. ಮೊದಲನೆಯದು ಬ್ರೌಸರ್ ಎಕ್ಸ್‌ಟೆನ್ಷನ್. ರೆಡಿಟ್‌ನ ಸರ್ವರ್ ಎಲ್ಲರಿಗೂ ಕಳಿಸುವ ಪುಟವನ್ನೇ ಬ್ರೌಸರ್ ಪಡೆಯುತ್ತದೆ; ಅದು ಬಳಕೆದಾರರ ಗಣಕಕ್ಕೆ ಬಂದ ಬಳಿಕ ಎಕ್ಸ್‌ಟೆನ್ಷನ್ ಅದರ ಮೇಲೆ ಕೈಯಾಡಿಸುತ್ತದೆ. ಸ್ಟೀವ್ ಸೋಬೆಲ್ 2010ರಲ್ಲಿ ಆರಂಭಿಸಿದ ರೆಡಿಟ್ ಎನ್‌ಹಾನ್ಸ್‌ಮೆಂಟ್ ಸೂಟ್ ಈ ಬಗೆಯದು. ಪುಟದ ಕೊನೆ ತಲುಪುತ್ತಿದ್ದಂತೆ ಮುಂದಿನ ಪುಟವನ್ನು ತಾನಾಗಿ ಜೋಡಿಸುವುದು, ಚಿತ್ರಗಳನ್ನು ಇದ್ದಲ್ಲಿಯೇ ಹಿಗ್ಗಿಸಿ ತೋರಿಸುವುದು, ರಾತ್ರಿಯ ಓದಿಗೆ ಕಪ್ಪು ಹಿನ್ನೆಲೆ, ಬೇಡದ ವಿಷಯಗಳನ್ನು ಸೋಸುವುದು, ಇತರ ಬಳಕೆದಾರರ ಹೆಸರಿನ ಪಕ್ಕದಲ್ಲಿ ತನಗೆ ಮಾತ್ರ ಕಾಣುವ ಗುರುತುಪಟ್ಟಿ ಅಂಟಿಸುವುದು ಇದರ ಮುಖ್ಯ ಸೌಲಭ್ಯಗಳು. ಇವುಗಳಲ್ಲಿ ಕೆಲವನ್ನು ರೆಡಿಟ್ ವರ್ಷಗಳ ನಂತರ ತನ್ನ ಹೊಸ ವಿನ್ಯಾಸದಲ್ಲಿ ಒದಗಿಸಿತು.

ಎರಡನೆಯ ಬಗೆಯಲ್ಲಿ ಸಾಧನವು ಪುಟವನ್ನು ಮುಟ್ಟುವುದಿಲ್ಲ. ಅದು ಎಪಿಐ ಎಂಬ ಮಾರ್ಗದ ಮೂಲಕ ಬರಹ, ಪ್ರತಿಕ್ರಿಯೆ, ಮತಗಳ ಸಂಖ್ಯೆ ಮುಂತಾದ ಬರಿಯ ಮಾಹಿತಿಯನ್ನು ಸರ್ವರ್‌ನಿಂದ ಕೇಳಿ ಪಡೆದು, ತನ್ನದೇ ಪರದೆಯಲ್ಲಿ ಜೋಡಿಸುತ್ತದೆ. ಅಪೋಲೊ, ಸಿಂಕ್ ಮುಂತಾದ ಆ್ಯಪ್‌ಗಳು ಹೀಗೆ ನಡೆಯುತ್ತಿದ್ದವು. ವಿನ್ಯಾಸದ ಸ್ವಾತಂತ್ರ್ಯ ಇಲ್ಲಿ ಬಹಳ ಹೆಚ್ಚು. ಆದರೆ ಪ್ರತಿ ಕೋರಿಕೆಯೂ ರೆಡಿಟ್ ನೀಡಿದ ಕೀಲಿಯೊಂದಿಗೆ ಸರ್ವರ್ ತಲುಪುವುದರಿಂದ ಯಾರು ಎಷ್ಟು ಕೇಳುತ್ತಿದ್ದಾರೆಂಬುದನ್ನು ಸಂಸ್ಥೆ ಎಣಿಸಬಲ್ಲದು, ಬೆಲೆ ಕಟ್ಟಬಲ್ಲದು, ನಿಲ್ಲಿಸಲೂಬಲ್ಲದು. ಈ ಆ್ಯಪ್‌ಗಳು ರೆಡಿಟ್‌ನ ಜಾಹೀರಾತುಗಳನ್ನು ತೋರಿಸುತ್ತಿರಲಿಲ್ಲ ಎಂಬುದೂ ಮುಂದಿನ ವಿವಾದದಲ್ಲಿ ಮುಖ್ಯವಾಯಿತು.

ಮಾಡರೇಟರ್‌ಗಳ ಸಾಧನಗಳು

ಓದುಗರಿಗೆ ಇವು ಅನುಕೂಲವಾದರೆ ಮಾಡರೇಟರ್‌ಗಳಿಗೆ ಕೆಲಸದ ಉಪಕರಣಗಳು. ಲಕ್ಷಾಂತರ ಸದಸ್ಯರಿರುವ ಸಮುದಾಯದಲ್ಲಿ ಒಬ್ಬ ಸದಸ್ಯನಿಗೆ ಹಿಂದೆ ಎಚ್ಚರಿಕೆ ನೀಡಲಾಗಿತ್ತೇ ಎಂಬುದನ್ನು ನೆನಪಿಟ್ಟುಕೊಳ್ಳಲು ತಾಣದಲ್ಲಿ ಬಹುಕಾಲ ಯಾವ ವ್ಯವಸ್ಥೆಯೂ ಇರಲಿಲ್ಲ. ಮಾಡರೇಟರ್ ಟೂಲ್‌ಬಾಕ್ಸ್ ಎಂಬ ಎಕ್ಸ್‌ಟೆನ್ಷನ್ ಈ ಕೊರತೆಯನ್ನು ಜಾಣತನದಿಂದ ನೀಗಿಸಿತು: ಸದಸ್ಯರ ಕುರಿತ ಟಿಪ್ಪಣಿಗಳನ್ನು ಆಯಾ ಸಬ್‌ರೆಡಿಟ್‌ನ ವಿಕಿ ಪುಟವೊಂದರಲ್ಲಿಯೇ ಸಂಕ್ಷೇಪಿಸಿ ಇಟ್ಟು, ಎಲ್ಲ ಮಾಡರೇಟರ್‌ಗಳಿಗೂ ಕಾಣುವಂತೆ ಮಾಡಿತು. ಇದಕ್ಕೆ ಪ್ರತ್ಯೇಕ ಸರ್ವರ್ ಬೇಕಾಗಲಿಲ್ಲ.

ನಿಯಮಗಳಿಗೆ ತಕ್ಕಂತೆ ಬರಹಗಳನ್ನು ತಾನಾಗಿ ತೆಗೆದುಹಾಕುವ ಆಟೋಮಾಡರೇಟರ್ ಕೂಡ ಮೊದಲು ಹೊರಗಿನ ಬಾಟ್ ಆಗಿತ್ತು. ಚಾಡ್ ಬರ್ಚ್ 2012ರಲ್ಲಿ ರಚಿಸಿದ ಇದನ್ನು 2015ರಲ್ಲಿ ರೆಡಿಟ್ ತನ್ನ ವ್ಯವಸ್ಥೆಯ ಭಾಗವಾಗಿಸಿಕೊಂಡಿತು. ಇಂದು ಅದಿಲ್ಲದ ದೊಡ್ಡ ಸಬ್‌ರೆಡಿಟ್ ಅನ್ನು ಊಹಿಸುವುದು ಕಷ್ಟ.

2023ರ ಶುಲ್ಕ ನೀತಿ

2023ರ ಏಪ್ರಿಲ್ 18ರಂದು ರೆಡಿಟ್ ತನ್ನ ಎಪಿಐ ಬಳಕೆಗೆ ಶುಲ್ಕ ವಿಧಿಸುವುದಾಗಿ ಪ್ರಕಟಿಸಿತು. ಭಾಷಾ ಮಾದರಿಗಳನ್ನು ತಯಾರಿಸುವ ದೊಡ್ಡ ಕಂಪನಿಗಳು ತಾಣದ ಸಂಭಾಷಣೆಗಳನ್ನು ಉಚಿತವಾಗಿ ಕೊಂಡೊಯ್ಯುತ್ತಿವೆ ಎಂಬುದು ನೀಡಲಾದ ಕಾರಣಗಳಲ್ಲೊಂದು. ದರ ಗೊತ್ತಾದದ್ದು ತಡವಾಗಿ: ಸಾವಿರ ಕೋರಿಕೆಗಳಿಗೆ 0.24 ಡಾಲರ್. ಮೇಲ್ನೋಟಕ್ಕೆ ಅತ್ಯಲ್ಪವೆನಿಸುವ ಈ ಮೊತ್ತದ ಭಾರವನ್ನು ಅಪೋಲೊ ಆ್ಯಪಿನ ರಚನೆಕಾರ ಕ್ರಿಶ್ಚಿಯನ್ ಸೆಲಿಗ್ ಮೇ 31ರಂದು ಲೆಕ್ಕ ಹಾಕಿ ತೋರಿಸಿದರು. ಅಪೋಲೊ ತಿಂಗಳಿಗೆ ಸುಮಾರು 700 ಕೋಟಿ ಕೋರಿಕೆಗಳನ್ನು ಕಳಿಸುತ್ತಿತ್ತು. ಹೊಸ ದರದಂತೆ ಇದು ತಿಂಗಳಿಗೆ ಸುಮಾರು 17 ಲಕ್ಷ ಡಾಲರ್, ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಆಗುತ್ತದೆ. ದರ ತಿಳಿದ ದಿನದಿಂದ ನೀತಿ ಜಾರಿಯಾಗುವ ಜುಲೈ 1ಕ್ಕೆ ಉಳಿದಿದ್ದುದು ಸುಮಾರು ಒಂದು ತಿಂಗಳು. ಒಂದು ವರ್ಷದ ಚಂದಾವನ್ನು ಮುಂಗಡವಾಗಿ ಪಡೆದಿದ್ದ ಆ್ಯಪಿಗೆ ಆ ಅವಧಿ ಸಾಲುವಂತಿರಲಿಲ್ಲ.

ಜೂನ್ 12ರಿಂದ ಎರಡು ದಿನಗಳ ಕಾಲ ಏಳು ಸಾವಿರಕ್ಕೂ ಹೆಚ್ಚು ಸಬ್‌ರೆಡಿಟ್‌ಗಳು ಪ್ರತಿಭಟನೆಯಾಗಿ ತಮ್ಮ ಬಾಗಿಲು ಮುಚ್ಚಿದವು. ಕೆಲವು ಅನಂತರವೂ ತೆರೆಯಲಿಲ್ಲ. ಮುಚ್ಚಿಯೇ ಇರುವ ಸಮುದಾಯಗಳ ಮಾಡರೇಟರ್‌ಗಳನ್ನು ಬದಲಾಯಿಸಲಾಗುವುದೆಂದು ಸಂಸ್ಥೆ ತಿಳಿಸಿತು. ಹೆಚ್ಚಿನವು ಕ್ರಮೇಣ ಪುನಃ ತೆರೆದವು. ದರ ಬದಲಾಗಲಿಲ್ಲ. ಅಪೋಲೊ, ರೆಡಿಟ್ ಈಸ್ ಫನ್, ಸಿಂಕ್, ಬೇಕನ್‌ರೀಡರ್ ಆ್ಯಪ್‌ಗಳು ಜೂನ್ 30ರಂದು ಸೇವೆ ನಿಲ್ಲಿಸಿದವು.

ಅಂಧ ಬಳಕೆದಾರರ ಪ್ರಶ್ನೆ

ವಿವಾದದಲ್ಲಿ ಹಣಕ್ಕೆ ಸಂಬಂಧಿಸದ, ಆದರೆ ಹೆಚ್ಚು ಗಂಭೀರವಾದ ಪ್ರಶ್ನೆಯೊಂದನ್ನು ಎತ್ತಿದವರು ಅಂಧ ಬಳಕೆದಾರರು. ಅವರು ಪರದೆಯ ಮೇಲಿನ ಅಕ್ಷರಗಳನ್ನು ಧ್ವನಿಯಾಗಿ ಓದುವ ಸ್ಕ್ರೀನ್ ರೀಡರ್ ನೆರವಿನಿಂದ ಫೋನ್ ಬಳಸುತ್ತಾರೆ. ಗುಂಡಿಯೊಂದಕ್ಕೆ ಹೆಸರು ಬರೆದಿರದಿದ್ದರೆ ಸ್ಕ್ರೀನ್ ರೀಡರ್ ಅದನ್ನು ಬರಿಯ ಗುಂಡಿ ಎಂದಷ್ಟೇ ಹೇಳುತ್ತದೆ. ಅದು ಮತ ನೀಡುವುದೋ, ಬರಹ ಅಳಿಸುವುದೋ ತಿಳಿಯುವುದಿಲ್ಲ. ರೆಡಿಟ್‌ನ ಅಧಿಕೃತ ಆ್ಯಪಿನಲ್ಲಿ ಇಂತಹ ತೊಡಕುಗಳು ಬಹಳವಿದ್ದುದರಿಂದ ಅವರಲ್ಲಿ ಅನೇಕರು ಹೊರಗಿನ ಆ್ಯಪ್‌ಗಳನ್ನು ಅವಲಂಬಿಸಿದ್ದರು. ಅಂಧರ ಸಬ್‌ರೆಡಿಟ್‌ನ ಅಂಧ ಮಾಡರೇಟರ್‌ಗಳಿಗಂತೂ ಅಧಿಕೃತ ಆ್ಯಪಿನಲ್ಲಿ ತಮ್ಮ ಸಮುದಾಯವನ್ನು ನಿರ್ವಹಿಸುವುದೇ ದುಸ್ತರವಾಗಿತ್ತು. ಆಕ್ಷೇಪದ ನಂತರ ರೆಡ್‌ರೀಡರ್, ಡಿಸ್ಟೋಪಿಯಾ, ಲೂನಾ ಎಂಬ ಲಾಭರಹಿತ ಆ್ಯಪ್‌ಗಳಿಗೆ ಶುಲ್ಕ ವಿನಾಯಿತಿ ನೀಡಲಾಯಿತು. ವಿನಾಯಿತಿಯ ಅರ್ಹತೆಯನ್ನು ನಿರ್ಧರಿಸಿದ್ದು ಸಂಸ್ಥೆಯೇ ಎಂಬುದು ಉಳಿದ ಟೀಕೆ.

ಅನಂತರದ ಸ್ಥಿತಿ

ರಿಲೇ, ನಾರ್ವಾಲ್ ಮುಂತಾದ ಕೆಲವು ಆ್ಯಪ್‌ಗಳು ಬಳಕೆದಾರರಿಂದ ಮಾಸಿಕ ಚಂದಾ ಪಡೆದು ಮುಂದುವರಿದವು. ಸಿಂಕ್ ಮತ್ತು ಬೂಸ್ಟ್ ಆ್ಯಪ್‌ಗಳ ರಚನೆಕಾರರು ಲೆಮ್ಮಿ ಎಂಬ ವಿಕೇಂದ್ರೀಕೃತ ತಾಣಜಾಲಕ್ಕೆ ಅವೇ ಹೆಸರಿನ ಆ್ಯಪ್‌ಗಳನ್ನು ಸಿದ್ಧಪಡಿಸಿದರು. ಲೆಮ್ಮಿಯ ತಂತ್ರಾಂಶ ಮುಕ್ತವಾಗಿದ್ದು, ಅದರ ಸರ್ವರ್‌ಗಳನ್ನು ಬೇರೆಬೇರೆ ವ್ಯಕ್ತಿಗಳೂ ಗುಂಪುಗಳೂ ನಡೆಸುತ್ತವೆ.

ಮಾಡರೇಟರ್‌ಗಳ ಬಾಟ್‌ಗಳಿಗೂ ಟೂಲ್‌ಬಾಕ್ಸ್‌ಗೂ ಉಚಿತ ಬಳಕೆ ಮುಂದುವರಿಯಿತು. ರೆಡಿಟ್ ಎನ್‌ಹಾನ್ಸ್‌ಮೆಂಟ್ ಸೂಟ್ ಕೂಡ ಉಳಿದಿದೆ, ಆದರೆ ಹೊಸ ಸೌಲಭ್ಯಗಳ ರಚನೆ ನಿಂತು ನಿರ್ವಹಣೆಯಷ್ಟೇ ನಡೆಯುತ್ತಿದೆ. ಅದರ ಬಹುಪಾಲು ಸೌಲಭ್ಯಗಳು 2018ರ ಮರುವಿನ್ಯಾಸಕ್ಕೆ ಹಿಂದಿನ, ಪ್ರತ್ಯೇಕ ವಿಳಾಸದಲ್ಲಿ ಉಳಿಸಿಕೊಂಡಿರುವ ಹಳೆಯ ರೆಡಿಟ್ ಪುಟಗಳ ಮೇಲೆ ಮಾತ್ರ ಕೆಲಸ ಮಾಡುತ್ತವೆ.