ಚುಕ್ಕಿ ನುಂಗಿದ 33 ಗುಂಟೆ

ಅಥಣಿ ತಾಲೂಕಿನ ಮೂಡಲ ಭಾಗದಲ್ಲಿ ನನ್ನ ಹೊಲ ಎರಡು ತುಂಡು. ಒಂದು 1 ಎಕರೆ 30 ಗುಂಟೆ, ಇನ್ನೊಂದು 2 ಎಕರೆ 25 ಗುಂಟೆ. ಎರಡೂ ಮಳೆ ನಂಬಿದ ಜೋಳದ ಹೊಲ. ಹೋದ ವರ್ಷ ಒಂದು ಕಚೇರಿಯವರು ಕಂಪ್ಯೂಟರಿನಿಂದ ರೈತರ ಪಟ್ಟಿ ತೆಗೆದು ಗೋಡೆಗೆ ಹಚ್ಚಿದರು. ನನ್ನ ಹೆಸರಿನ ಮುಂದೆ ಒಟ್ಟು ಕ್ಷೇತ್ರ 3.55 ಅಂತ ಇತ್ತು.

ಏಳನೆತ್ತೆ ಕಲಿತವನಾದರೂ ಗುಂಟೆ ಲೆಕ್ಕ ನನಗೆ ತಪ್ಪುವುದಿಲ್ಲ. 30ಕ್ಕೆ 25 ಕೂಡಿದರೆ 55. ಅದರಲ್ಲಿ 40 ಗುಂಟೆ ಒಂದು ಎಕರೆ ಆಯ್ತು, ಉಳಿದದ್ದು 15. ಅಂದ್ರ ನನ್ನದು 4 ಎಕರೆ 15 ಗುಂಟೆ. ಯಂತ್ರದ 3.55 ಎಕರೆ ಎಂದರೆ 3 ಎಕರೆ 22 ಗುಂಟೆ. 33 ಗುಂಟೆ ಗಾಯಬ್! 2023ರ ಬರಕ್ಕೆ ಖುಷ್ಕಿ ಬೆಳೆಯ ಪರಿಹಾರ ಹೆಕ್ಟೇರಿಗೆ 8,500 ರೂಪಾಯಿ ಇತ್ತು. ಆ ದರದಲ್ಲಿ ಇದು ಸುಮಾರು 2,800 ರೂಪಾಯಿ.

ಕೇಳಿದರೆ, "ಕಂಪ್ಯೂಟರ್ ತಪ್ಪು ಮಾಡೂದಿಲ್ರಿ ಯಜಮಾನ್ರ" ಅಂದರು. ಪುಣೆಯಲ್ಲಿ ಇದೇ ಕೆಲಸ ಮಾಡುವ ಅಣ್ಣನ ಮಗನಿಗೆ ಫೋನ್ ಹಚ್ಚಿದೆ. "ಕಾಕಾ, ಅದಕ್ಕ ಗುಂಟೆ ಗೊತ್ತಿಲ್ಲ. ಚುಕ್ಕಿ ಕಂಡ್ರ ನೂರರ ಲೆಕ್ಕ ಅಂತ ತಿಳಿತೈತಿ. ಸೂತ್ರ ಬರೆದವರು ಹೇಳಬೇಕಿತ್ತು" ಅಂದ.

ಅವನು ಹೇಳಿದ ಸೂತ್ರ ನಮ್ಮ ಬಾಯಿಲೆಕ್ಕವೇ. ಎಕರೆ, ಗುಂಟೆ ಬೇರೆ ಬೇರೆ ಕಾಲಮಿನಲ್ಲಿ ಇಡಬೇಕು. ಎಕರೆಯನ್ನು 40ರಿಂದ ಗುಣಿಸಿ ಗುಂಟೆ ಸೇರಿಸಿ, ಎಲ್ಲ ತುಂಡನ್ನೂ ಗುಂಟೆಯಲ್ಲೇ ಕೂಡಬೇಕು. ನನ್ನದು 70 ಮತ್ತು 105, ಒಟ್ಟು 175. ಛಾಪಿಸುವಾಗ ಮಾತ್ರ 40ರಿಂದ ಭಾಗಿಸಬೇಕು. ಭಾಗಲಬ್ಧ ಎಕರೆ, ಶೇಷ ಗುಂಟೆ. ಶೇಷ ತೆಗೆಯಲು 'ಮಾಡ್' ಅನ್ನುವ ಸೂತ್ರ ಇರುತ್ತದಂತೆ.

ಒಂದೇ ತುಂಡಿನವರೂ ಪಾರಾಗಲಿಲ್ಲ. 1 ಎಕರೆ 30 ಗುಂಟೆ ಎಂದರೆ ಒಂದೂ ಮುಕ್ಕಾಲು ಎಕರೆ. ರೂಪಾಯಿಗೆ ಗುಣಿಸುವಾಗ ಯಂತ್ರ 1.30 ಅಂತಲೇ ಹಿಡಿಯುತ್ತದೆ. ಕೊನೆಯ ಸೊನ್ನೆ ಬಿಟ್ಟು 1.3 ಅಂತ ಛಾಪಿಸಿದರೆ ಓದುವವನಿಗೆ ಅದು 1 ಎಕರೆ 3 ಗುಂಟೆ! ಅದಕ್ಕೇ ಗುಂಟೆಗೆ ಎರಡು ಅಂಕಿ ಬರಲೇಬೇಕು, 03 ಬೇರೆ, 30 ಬೇರೆ.

ನಿಪ್ಪಾಣಿ, ಕಾಗವಾಡ ಕಡೆ ಗಡಿಯಾಚೆ ಹೊಲ ಇದ್ದವರಿಗೆ ಇದು ವಿಚಿತ್ರ ಅನಿಸಬಹುದು. ಮಹಾರಾಷ್ಟ್ರದ ಸಾತಬಾರಾದಲ್ಲಿ ಕ್ಷೇತ್ರ ಹೆಕ್ಟೇರ್-ಆರ್ ಲೆಕ್ಕದಲ್ಲಿ ಇರುತ್ತದೆ. ನೂರು ಆರ್‌ಗೆ ಒಂದು ಹೆಕ್ಟೇರ್. ಅಲ್ಲಿ ಚುಕ್ಕಿ ಇಟ್ಟು ಕೂಡಿದರೂ ಸರಿ ಬರುತ್ತದೆ. ನಮ್ಮ ಉತಾರದ ಎಕರೆ-ಗುಂಟೆಗೆ ಆ ಸೂತ್ರ ನಡೆಯದು.

ಇದನ್ನೆಲ್ಲ ಹಾಳೆಯ ಮೇಲೆ ಬರೆದು, ಎರಡೂ ಉತಾರ ಜೋಡಿಸಿ ಕೊಟ್ಟೆ. ಹದಿನೈದು ದಿನಕ್ಕೆ ಹೊಸ ಪಟ್ಟಿ ಬಂತು, ನನ್ನದು 4-15. ಚುಕ್ಕಿ ತೆಗೆದು ಅಡ್ಡಗೆರೆ ಹಾಕಿದ್ದರು. ಪಟ್ಟಿ ಓದಲು ಬಾರದ ನಮ್ಮ ಓಣಿಯ ಮುದುಕಿಗೆ ಅವಳ ಸಾಲು ಓದಿ ಹೇಳಿದೆ. ಆಕೆಗೆ 18 ಗುಂಟೆ ತಿರುಗಿ ಬಂದಿತ್ತು.